ಒಲೆ ಇರುವ ಕೋಣೆ

ಕಲ್ಯಾಣ ಮಂಟಪದಿಂದ ಹೊರಗೆ ಬಂದು ಬಿಸಿಲಿಗೆ ಬಿದ್ದ ಮೇಲೂ ಬಸಂತರಾಯನ ಕಿವಿಯಲ್ಲಿ ತನ್ನದೇ ದನಿ ಸುತ್ತುತ್ತಿತ್ತು. ಅರವತ್ತು ಜನ ಕೂತ ಸಭೆಯಲ್ಲಿ ಎದ್ದು ನಿಂತು, ಮೈಕಿಲ್ಲದೆ, ಆಚೆ ಬದುವಿನಲ್ಲಿ ಸರಪಳಿ ಹಿಡಿದು ನಿಂತವನಿಗೆ ಕೂಗಿ ಹೇಳುವಂತೆ ಹೇಳಿಬಿಟ್ಟಿದ್ದ. ರಜೆಯ ಮನೆಯ ಪಾಲು ಮಾರಲು ಟೈ ಕಟ್ಟಿಕೊಂಡು ಬಂದ ಕಾಂತು ಅರ್ಧ ತಾಸು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರೂ ಒಬ್ಬರ ತಲೆಗೂ ಇಳಿಯದಿದ್ದದ್ದನ್ನು ಬಸಂತರಾಯ ನಾಲ್ಕು ಮಾತಿನಲ್ಲಿ ಇಳಿಸಿದ್ದ. ‘ಏನಿಲ್ರಿ, ಇದು ಬಾವಿ ಪಾಳಿ ಇದ್ದಂಗ. ಬಾವಿ ಒಂದ, ಪಾಲುದಾರರು ಬಾಳ ಮಂದಿ. ನಿಮ್ಮ ಪಾಳಿ ಬಂದ ದಿನ ನೀರು ನಿಮ್ಮದು, ಮುಗೀತಂದ್ರ ಮುಂದಿನವಂದು. ಇಂಜಿನ್ ಕೆಟ್ರ ಎಲ್ಲಾರೂ ಕೂಡಿ ರಿಪೇರಿ ಮಾಡಿಸಬೇಕು, ಆ ವರ್ಷ ನೀವು ನೀರು ತಗೊಳ್ರಿ, ಬಿಡ್ರಿ. ಇಲ್ಲಿ ಬಾವಿ ಬದ್ಲಿ ಸಮುದ್ರದ ದಂಡಿಗೆ ಒಂದು ಮನಿ ಐತಿ. ವರ್ಷಕ್ಕ ಏಳು ದಿನ ನಿಮ್ಮ ಪಾಳಿ. ಇಪ್ಪತ್ತೈದು ವರ್ಷ. ಇಷ್ಟ ಮಾತು.’ ಸಭೆ ಹಾಂ ಎಂದಿತ್ತು. ಲಿಂಬೆಹಣ್ಣಿನ ವ್ಯಾಪಾರಿ ಮಲ್ಲಣ್ಣ ‘ಈಗ ತಿಳೀತ ನೋಡ್ರಿ ಸಾಹೇಬ್ರ’ ಎಂದು ಎದ್ದು ಹೋಗಿ ಅಲ್ಲಿಯೇ ಸಹಿ ಹಾಕಿದ್ದ, ಅವನ ಹಿಂದೆ ಇನ್ನೂ ಇಬ್ಬರು. ಇಂಡಿ ತಾಲೂಕಿನಲ್ಲಿ ಇಪ್ಪತ್ತೆರಡು ವರ್ಷ ಭೂಮಾಪಕನಾಗಿ ಅಣ್ಣ ತಮ್ಮಂದಿರ ನಡುವೆ ಕಲ್ಲು ನೆಟ್ಟವನಿಗೆ ಪಾಲಿನ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ‘ಸರ್ವೆ ನಂಬರ ಎಷ್ಟೋ ಕಾಂತು? ಪಹಣಿಯಾಗ ನಮ್ಮ ಹೆಸರು ಕೂಡ್ತೈತೇನು?’ ಎಂದು ಕೇಳಿದ್ದನ್ನು, ಆಲಮೇಲದ ಗುರಲಿಂಗಪ್ಪನ ಮಗ ಕಾಂತು ಬೆವರೊರೆಸಿಕೊಂಡು ‘ಜಾಗ ಕೊಡೂದಿಲ್ರಿ ಸಾಹೇಬ್ರ, ಇರೂ ಹಕ್ಕು ಕೊಡ್ತೀವಿ’ ಎಂದದ್ದನ್ನು, ನಡೆಯುತ್ತಲೇ ಮತ್ತೊಮ್ಮೆ ನೆನಸಿಕೊಂಡು ಸುಖಪಟ್ಟ.

ತಾನು ಮಾತ್ರ ಸಹಿ ಹಾಕಿರಲಿಲ್ಲ. ಕಾಗದಕ್ಕೆ ಸಹಿ ಮಾಡುವ ಮೊದಲು ಒಂದು ಹೊತ್ತು ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅವನ ಪದ್ಧತಿ. ಎಂಬತ್ತೈದು ಸಾವಿರದ ದರ ಈ ಒಂದು ದಿನಕ್ಕೆ ಮಾತ್ರ, ಐದು ಗಂಟೆಗೆ ತಾವು ಗಂಟುಮೂಟೆ ಕಟ್ಟುತ್ತೇವೆ ಎಂದು ಕಾಂತು ಹೇಳಿದ್ದ. ಐದಕ್ಕೆ ಬರುತ್ತೇನೆಂದು ಬಸಂತರಾಯ ಫಾರ್ಮು ಮಡಚಿ ಜೇಬಿಗಿಟ್ಟುಕೊಂಡಿದ್ದ. ಮನಸ್ಸು ಆಗಲೇ ಆಗಿತ್ತು. ಎಂಬತ್ತೈದು ಸಾವಿರ ಸಣ್ಣ ಮಾತಲ್ಲ, ಆದರೆ ಪಿ.ಎಫ್.ನಿಂದ ತೆಗೆದರೆ ಮನೆಯ ಖರ್ಚಿಗೆ ಧಕ್ಕೆ ಬರುವುದಿಲ್ಲ. ಹೋಟೆಲಿನ ಬಾಡಿಗೆ ವರ್ಷವರ್ಷ ಏರುತ್ತದೆ, ಪಾಳಿ ಏರುವುದಿಲ್ಲ. ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ವಿದ್ಯಾವತಿ ಬರುತ್ತಿದ್ದಳು. ಗಂಡಹೆಂಡತಿ ಜೋಡಿಯಾಗಿ ಬಂದವರಿಗೆ ಮಾತ್ರ ಎಂದು ಕೊಟ್ಟ ಕಾಣಿಕೆ ಅವಳ ಕೈಯಲ್ಲಿತ್ತು. ರೊಟ್ಟಿ ಬಿಸಿಯಾಗಿಡುವ ಕೆಂಪು ಡಬ್ಬಿ. ‘ಚೊಲೊ ಅದ ಅಲ್ಲ?’ ಎಂದು ತಿರುಗಿ ಕೇಳಿದ. ‘ಹೂಂ’ ಎಂದಳು. ಬಿಸಿಲಿಗೆ ಸೆರಗು ಹಣೆಯ ತನಕ ಎಳೆದುಕೊಂಡಿದ್ದಳು, ಮುಖ ಕಾಣಲಿಲ್ಲ.

ಆ ಫಾರ್ಮಿನಲ್ಲಿ ಒಂದು ಪ್ರಶ್ನೆ ಮಾತ್ರ ಬಾಯಲ್ಲಿ ಸಿಕ್ಕ ಕಲ್ಲಾಗಿತ್ತು. ಕಳೆದ ಐದು ವರ್ಷಗಳಲ್ಲಿ ಕುಟುಂಬ ಸಮೇತ ರಜೆಗೆ ಹೋದ ಸ್ಥಳಗಳು. ಐದು ಗೆರೆ ಬಿಟ್ಟಿದ್ದರು. ಬಸಂತರಾಯ ದುಂಡಗಿನ ಅಕ್ಷರದಲ್ಲಿ ತುಂಬಿದ್ದ: ಮುದ್ದೇಬಿಹಾಳ. ಬಸವನ ಬಾಗೇವಾಡಿ. ಮುದ್ದೇಬಿಹಾಳ. ಹೊರ್ತಿ. ಮುದ್ದೇಬಿಹಾಳ. ಕಾಂತು ಅದನ್ನು ಗಟ್ಟಿಯಾಗಿ ಓದಿದ. ಓದಬೇಕಾಗಿರಲಿಲ್ಲ. ‘ಮುದ್ದೇಬಿಹಾಳದಾಗ ಯಾವ ಹೋಟೆಲ್ರಿ ಸಾಹೇಬ್ರ?’ ಎಂದು ಕೇಳಿದಾಗ ಆ ಮೇಜಿನ ಸುತ್ತ ಕೂತವರು ನಕ್ಕಿದ್ದರು. ಹೋಟೆಲಲ್ಲ, ಅಕ್ಕ ಶಂಕ್ರೆವ್ವನ ಮನೆ. ಬಾಗೇವಾಡಿಯಲ್ಲಿ ವಿದ್ಯಾವತಿಯ ಚಿಕ್ಕಮ್ಮನ ಮನೆ. ಹೊರ್ತಿಯಲ್ಲಿ ಷಡ್ಡಕನ ಮನೆ. ಬೀಗರ ಮನೆ ಇರುವಾಗ ದುಡ್ಡು ಕೊಟ್ಟು ಮಲಗುವವನು ಯಾರು ಎಂದು ಅವನೂ ನಕ್ಕಿದ್ದ, ಆದರೆ ಕಿವಿ ಕಾದಿದ್ದವು. ಆ ನಗೆ ಆರುವ ಮೊದಲೇ ಕಾಂತು ವಿದ್ಯಾವತಿಯ ಕಡೆ ತಿರುಗಿದ. ‘ಅಕ್ಕಾರ, ನಿಮಗ ಎಲ್ಲಿ ಹೋಗೂ ಆಸೆ ಐತ್ರಿ? ಗೋವಾ? ಊಟಿ? ಹೇಳ್ರಿ, ನಾಚ್ಕೊಬ್ಯಾಡ್ರಿ.’ ಅವಳು ಬಹಳ ಹೊತ್ತು ಗೋಡೆಯ ಮೇಲಿನ ಚಿತ್ರ ನೋಡಿದಳು. ಅದರಲ್ಲೊಂದು ಕಿಟಕಿ, ಕಿಟಕಿಯ ಆಚೆ ನೀಲಿ ನೀರು, ಈಚೆ ಬಿಳಿ ಹಾಸಿಗೆ. ಆಮೇಲೆ ಒಂದೇ ಮಾತು ಕೇಳಿದಳು. ‘ಆ ಕೋಣ್ಯಾಗ ಒಲಿ ಐತೇನ್ ತಮ್ಮಾ?’

ಕಾಂತು ಕುಣಿದಾಡಿಬಿಟ್ಟ. ‘ಅದ ಅಲ್ರಿ ಅಕ್ಕಾರ ನಮ್ಮ ವಿಶೇಷ! ಬರೇ ಕೋಣಿ ಅಲ್ರಿ, ಸಂಸಾರ ಮಾಡೂ ಮನಿ. ಗ್ಯಾಸು, ಕುಕ್ಕರು, ಮಿಕ್ಸರು, ಭಾಂಡಿ ಎಲ್ಲಾ ಇಟ್ಟಿರ್ತೇವಿ. ಹೊರಗಿನ ಊಟಕ್ಕ ಒಂದು ಪೈಸೆ ಖರ್ಚ ಮಾಡಬ್ಯಾಡ್ರಿ.’ ಮುಂದಿನ ಚಿತ್ರದಲ್ಲಿ ಒಲೆಯೇ ಬಂತು, ಥಳಥಳ ಹೊಳೆಯುವ ಎರಡು ಉರಿಯ ಒಲೆ. ಬಸಂತರಾಯನ ಎದೆ ಉಬ್ಬಿತು. ಊರವರೆಲ್ಲ ಈಜುಕೊಳದ ಆಳ ಕೇಳುತ್ತಿರುವಾಗ ತನ್ನ ಹೆಂಡತಿ ಬದುಕಿನ ಮಾತು ಕೇಳಿದಳು. ಕಾಂತುವಿನ ನಗೆಯ ಉರಿ ಅದರಿಂದಲೇ ಆರಿತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಒಂದು ದಿನ ಕೈ ಬಿಚ್ಚಿ ಖರ್ಚು ಮಾಡಿದವಳಲ್ಲ. ತನಗೆ ತಕ್ಕವಳು ಎಂದುಕೊಂಡ.

ಮನೆಗೆ ಬಂದು ಅಂಗಿ ಗೂಟಕ್ಕೆ ಹಾಕಿ ಕೂತಾಗಲೂ ಆ ಒಲೆಯೇ ಕಣ್ಣಲ್ಲಿತ್ತು. ಕಾರವಾರದಲ್ಲಿ ಹೀಗೊಂದು ಒಲೆ ಇದ್ದಿದ್ದರೆ ಆ ಅವಮಾನ ಆಗುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಇಲಾಖೆ ಹನ್ನೆರಡು ದಿನದ ತರಬೇತಿಗೆ ಕಳಿಸಿದಾಗ ಬಸಂತರಾಯ ಟ್ರಂಕಿನಲ್ಲಿ ಬತ್ತಿ ಸ್ಟೋ, ಒಂದು ಪಾತ್ರೆ, ನಾಲ್ಕು ಸೇರು ಅಕ್ಕಿ, ಶೇಂಗಾ ಹಿಂಡಿ ಒಯ್ದಿದ್ದ. ಭತ್ಯೆ ಉಳಿಸಿ ಮನೆಗೆ ತರುವ ಯೋಚನೆ. ಎರಡನೆಯ ದಿನ ಸೀಮೆಎಣ್ಣೆಯ ವಾಸನೆ ಹಿಡಿದು ಲಾಡ್ಜಿನ ಮ್ಯಾನೇಜರ ಕೋಣೆಗೆ ಬಂದ. ಬಾಗಿಲ ಹಿಂದಿನ ಹಲಗೆಯನ್ನು ಬೆರಳಿಟ್ಟು ಓದಿಸಿದ: ಕೋಣೆಯಲ್ಲಿ ಅಡುಗೆ ಮಾಡಕೂಡದು. ಬೇಯುತ್ತಿದ್ದ ಅನ್ನವನ್ನು ಹಾಗೆಯೇ ಇಳಿಸಿ ಸ್ಟೋ ಕೆಳಗೆ ಒಯ್ದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡ. ಉಳಿದ ಹತ್ತು ದಿನ ಹೋಗುವಾಗ ಬರುವಾಗ ಬೇರೆ ತಾಲೂಕಿನ ಭೂಮಾಪಕರು ಆ ಸ್ಟೋ ನೋಡಿ ‘ಇಂಡಿಯವರದು’ ಎಂದು ನಗುತ್ತಿದ್ದರು. ಸಂಜೆ ಸಂಜೆ ಸಮುದ್ರಕ್ಕೆ ಹೋಗುತ್ತಿದ್ದ. ಆಚೆ ಬದು ಇಲ್ಲದ ಅಂಥದ್ದನ್ನು ಅವನು ಹುಟ್ಟಿ ಕಂಡಿರಲಿಲ್ಲ, ಮೊದಲ ದಿನ ಕತ್ತಲಾಗುವ ತನಕ ದಂಡೆಯಲ್ಲೇ ನಿಂತಿದ್ದ. ವಾಪಸು ಬಂದಾಗ ವಿದ್ಯಾವತಿ ಟ್ರಂಕಿನಿಂದ ಮರಳು ತುಂಬಿದ ಧೋತರ ತೆಗೆದು ಕೊಡವುತ್ತ ‘ಹೆಂಗ ಇರ್ತೈತ್ರಿ ಸಮುದ್ರ?’ ಎಂದು ಕೇಳಿದ್ದಳು. ಅವನು ಹಸಿದಿದ್ದ. ‘ಏನಿರ್ತೈತಿ, ನೀರು’ ಎಂದಿದ್ದ. ಅವಳು ಆ ಮರಳನ್ನು ಗುಡಿಸಿ ಹೊರಗೆ ಚೆಲ್ಲಲಿಲ್ಲ, ತುಳಸಿಯ ಬುಡಕ್ಕೆ ಹಾಕಿದಳು. ಅದು ಯಾಕೆ ಈಗ ನೆನಪಾಯಿತೋ.

ಊಟ ಆದ ಮೇಲೆ ನಕ್ಷೆ ಕಾಗದ ಹಾಸಿ, ಪೆನ್ಸಿಲ್ ಚೂಪು ಮಾಡಿಕೊಂಡು ಕೂತ. ಇಪ್ಪತ್ತೈದು ಚೌಕ, ವರ್ಷಕ್ಕೊಂದು. ಪಾಳಿ ಅಂದ ಮೇಲೆ ಒಬ್ಬನೇ ಉಣ್ಣುವುದಲ್ಲ. ಈ ವರ್ಷ ಮೇದಲ್ಲಿ ನಾವು ಮತ್ತು ಶಂಕ್ರೆವ್ವ ಅಕ್ಕನ ಮನೆಯವರು. ಬರುವ ವರ್ಷ ನಾವು ಮತ್ತು ಹೊರ್ತಿಯವರು. ಅದರ ಮುಂದೆ ಬಾಗೇವಾಡಿ ಚಿಕ್ಕಮ್ಮ, ಅಲ್ಲಿಗೆ ಆಕೆಯ ಮೊಣಕಾಲು ನೆಟ್ಟಗಿದ್ದರೆ. ಇಷ್ಟು ವರ್ಷ ಯಾರ ಯಾರ ಮನೆಯಲ್ಲಿ ಉಂಡಿದ್ದೆವೋ ಅವರನ್ನೆಲ್ಲ ಕರೆದೊಯ್ಯಬಹುದು, ಕೈ ಮೇಲೆ ಮಾಡಬಹುದು. ತನ್ನ ದೊಡ್ಡತನಕ್ಕೆ ತಾನೇ ಕರಗುವ ಗುಣ ಬಸಂತರಾಯನಿಗೆ ಮೊದಲಿನಿಂದ ಇತ್ತು. ಹೈಸ್ಕೂಲಿನ ಮಗಳು ಸುರೇಖಾ ಟ್ಯೂಷನ್ನಿಗೆ ಹೋಗುವ ಮುಂಚೆ ಬಗ್ಗಿ ನೋಡಿ ‘ಅಪ್ಪಾ, ನಾವಷ್ಟ ಹೋಗೂ ವರ್ಷ ಯಾವುದು?’ ಎಂದಳು. ‘ನಾವು ಎಲ್ಲಾ ವರ್ಷದಾಗೂ ಅದೇವಲ್ಲ ಹುಚ್ಚಿ’ ಎಂದ. ಒಳಗೆ ವಿದ್ಯಾವತಿ ಮುಸುರೆ ತಿಕ್ಕುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಪಾಳಿಯ ಸುಖ ಈಗಿನವರಿಗೇನು ಗೊತ್ತು. ದೇವಣಗಾಂವದ ಹೊಲದ ಬಾವಿಯಲ್ಲಿ ಅಪ್ಪನ ಪಾಲಿಗೆ ತಿಂಗಳಿಗೆ ಎಂಟು ದಿನ. ಆ ಎಂಟು ದಿನ ಮನೆಯೇ ಹೊಲಕ್ಕೆ ಹೊರಡುತ್ತಿತ್ತು. ಬೇವಿನ ಮರದ ಕೆಳಗೆ ಗುಡಿಸಲು, ಗುಡಿಸಲ ಮುಂದೆ ಮೂರು ಕಲ್ಲಿಟ್ಟು ಅವ್ವ ಹೂಡಿದ ಒಲೆ. ಇಂಜಿನ್ನಿನ ಗುಡುಗುಡು, ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತ ತಾನು ಮತ್ತು ಅಕ್ಕ, ಹಂಚಿನಿಂದ ನೇರ ಕೈಗೆ ಬೀಳುವ ರೊಟ್ಟಿ, ಹಸಿ ಉಳ್ಳಾಗಡ್ಡಿ, ಕೈಯಲ್ಲಿ ಕುಟ್ಟಿದ ಮೆಣಸಿನಕಾಯಿ. ಶಾಲೆಗೆ ಚಕ್ಕರ್. ಆ ರೊಟ್ಟಿಯ ರುಚಿ ಮತ್ತೆ ಯಾವ ಮನೆಯಲ್ಲೂ ಸಿಗಲಿಲ್ಲ. ನಲವತ್ತಾರರ ಬಸಂತರಾಯ ಎಂಬತ್ತೈದು ಸಾವಿರ ಕೊಟ್ಟು ಕೊಳ್ಳಲು ಹೊರಟದ್ದು ಆ ಎಂಟು ದಿನವನ್ನೇ. ಬೇವಿನ ಬದಲು ತೆಂಗು, ಕಾಲುವೆಯ ಬದಲು ಸಮುದ್ರ, ಬೇರೆ ಏನೂ ಇಲ್ಲ.

ಮೂರೂವರೆಗೆ ಫೋನು ರಿಂಗಾಯಿತು. ವಿದ್ಯಾವತಿ ಎತ್ತಿದಳು. ಬಸಂತರಾಯ ಪೆನ್ಸಿಲ್ ಹಿಡಿದೇ ಕೂತಿದ್ದ, ಈ ಕಡೆಯ ಮಾತು ಮಾತ್ರ ಕೇಳುತ್ತಿತ್ತು. ‘ಹಾಂ ಅಕ್ಕಾರ, ಆರಾಮ ಅದೇವ್ರಿ... ಯಾವುದು?... ಹಂಚಾ?’ ಅಡುಗೆಮನೆಯ ಕಡೆ ಕತ್ತು ತಿರುಗಿಸಿದಳು. ‘ನಮ್ಮದು ದಪ್ಪನೇದು ಐತ್ರಿ... ಇಲ್ರಿ, ಅವರೇನೂ ಹೇಳಿಲ್ಲ... ಎಷ್ಟು ಮಂದಿ ಆಗ್ತೇವ್ರಿ?... ಒಂಬತ್ತಾ?... ಹೌದ್ರಿ, ಹುಡುಗರು ನೆಲದ ಮ್ಯಾಲ ಮಲಗ್ತಾವ. ಹಿಟ್ಟು ಇಲ್ಲೇ ಬೀಸಿಸಿಕೊಂಡು ಬರ್ತೇನ್ರಿ. ಹೂಂ. ಇಡ್ಲೇನ್ರಿ?’ ಬಸಂತರಾಯನಿಗೆ ಪೆನ್ಸಿಲ್ಲಿನ ಮೊನೆ ಕಾಗದದೊಳಗೆ ಇಳಿದದ್ದು ಗೊತ್ತಾಗಲಿಲ್ಲ. ಕಾಂತು ಮೊದಲ ಸಲ ಕಚೇರಿಗೆ ಬಂದ ದಿನವೇ, ಹೋದ ವಾರ, ಅವನು ಉಬ್ಬಿನಲ್ಲಿ ಮುದ್ದೇಬಿಹಾಳಕ್ಕೆ ಫೋನು ಮಾಡಿ ಹೇಳಿಬಿಟ್ಟಿದ್ದ: ಅಕ್ಕಾ, ಮೇದಾಗ ತಯಾರಾಗ್ರಿ, ನಿಮ್ಮ ಮನಿಯವರೆಲ್ಲ, ಕೋಣ್ಯಾಗ ಒಲಿ ಅದ, ಊಟದ ಚಿಂತಿ ಬ್ಯಾಡ, ನಮ್ಮ ವಿದ್ಯಾ ಅದಾಳಲ್ಲ. ಹೆಂಡತಿಗೆ ಹೇಳುವುದು ಉಳಿದಿತ್ತು. ಮರೆತಿದ್ದ ಅನ್ನುವುದು ಅರ್ಧ ನಿಜ. ಹೇಳಬೇಕಾದ ವಿಷಯ ಅನ್ನಿಸಿಯೇ ಇರಲಿಲ್ಲ.

ವಿದ್ಯಾವತಿ ಅಡುಗೆಮನೆಗೆ ಹೋಗಿ ಹಂಚು ತಂದಳು. ಕಬ್ಬಿಣದ್ದು, ಅವಳ ತವರಿನವರು ಮದುವೆಯಲ್ಲಿ ಕೊಟ್ಟದ್ದು, ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ಬಾಗುತ್ತದೆ. ಅದನ್ನು ನಕ್ಷೆಯ ಮೇಲೆ, ಇಪ್ಪತ್ತೈದು ಚೌಕದ ನಡುವೆ ಇಟ್ಟಳು. ಎದುರಿಗೆ ಕೂತಳು. ಸಿಟ್ಟಿನ ಮುಖವಲ್ಲ ಅದು, ಲೆಕ್ಕ ಕೇಳಲು ಬಂದ ಕಕ್ಷಿದಾರನ ಮುಖ. ಅಂಥ ಮುಖ ಅವನು ಹೊಲದ ಬದುಗಳ ಮೇಲೆ ಸಾವಿರ ನೋಡಿದ್ದ, ಮನೆಯಲ್ಲಿ ನೋಡಿದ್ದು ಇದೇ ಮೊದಲು.

‘ಅಕ್ಕಾರು ಹಂಚು ತರ್ಲೇನು ಅಂತ ಕೇಳಾಕತ್ತಿದ್ರು. ಅವರದು ತೆಳ್ಳಗ ಐತೆಂತ. ನಮ್ಮದ ಒಯ್ಯೂಣು ಅಂದೆ’ ಎಂದಳು.

‘ವಿದ್ಯಾ, ನಾ ಹೇಳೂದ್ರಾಗ ಇದ್ದೆ...’

‘ಒಂಬತ್ತು ಮಂದಿ. ಒಂದು ಹೊತ್ತಿಗೆ ಮೂವತ್ತು ರೊಟ್ಟಿ ಬೇಕು. ಎರಡು ಹೊತ್ತು, ಏಳು ದಿನ. ಕೂಡಿಸೂದು ನಿಮಗ ಬರ್ತದ. ಇಪ್ಪತ್ತೈದು ವರ್ಷಕ್ಕ ನನಗ ಅರವತ್ತೈದು ಆಗ್ತಾವ್ರಿ. ಅಲ್ಲೀತನಕ ಸಮುದ್ರದ ದಂಡಿಗೆ ಕುಂತು ರೊಟ್ಟಿ ಬಡೀಲೇನು?’

‘ನಿನಗ ಬ್ಯಾಸರಿದ್ರ ಮೊದಲ ಹೇಳಬೇಕಿಲ್ಲ? ಅಲ್ಲಿ ನೀನ ಕೇಳಿದಿ, ಒಲಿ ಐತೇನಂತ. ಮಂದಿ ಮುಂದ ನೀನ ಕೇಳಿದಿ.’ ದನಿ ಏರಿತು. ತಪ್ಪು ತನ್ನದಾದಾಗ ಅವನ ದನಿ ಏರುವುದು ಮನೆಯ ಬೆಕ್ಕಿಗೂ ಗೊತ್ತಿತ್ತು.

‘ಕೇಳಿದೆ’ ಎಂದಳು ವಿದ್ಯಾವತಿ. ‘ಇಲ್ಲ ಅಂತಾನೇನೋ ಅಂತ ಕೇಳಿದೆ.’

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಅವಳು ಹಂಚಿನ ಅಂಚಿಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಮುಂದುವರಿಸಿದಳು. ‘ರೊಟ್ಟಿ ಬಡಿಯೂದು ನನಗ ಬ್ಯಾಸರಿಲ್ರಿ. ನಮ್ಮ ಮನ್ಯಾಗ ಬಡೀತೇನಿ. ಸೂಟಿ ಬಿಟ್ಟ ಮರುದಿನ ನಿಮ್ಮಕ್ಕನ ಮನಿಗೆ ಹೋಗ್ತೇವಿ, ಚಾ ಕುಡಿದು ಕಪ್ಪ ಇಡೂದ್ರಾಗ ಅಕ್ಕಾರು ಹಿಟ್ಟಿನ ಪರಾತ ನನ್ನ ಮುಂದ ಇಡ್ತಾರ. ಅದೂ ಬಡೀತೇನಿ, ಅವರದೂ ವರ್ಷಪೂರ್ತಿ ಆಗಿರ್ತದ ಪಾಪ. ಬಾಗೇವಾಡಿ ಚಿಕ್ಕಮ್ಮಗ ಕಣ್ಣು ಕಾಣೂದಿಲ್ಲ, ಅಲ್ಲೀದೂ ನಂದ. ಆದ್ರ ಅದಕ್ಕ ಸೂಟಿ ಅನಬ್ಯಾಡ್ರಿ. ಅಲ್ಲಿ ಎಲ್ಲಾರ ಮುಂದ ಬರದ್ರಿ, ಐದು ಗೆರಿ ತುಂಬಿಸಿದ್ರಿ. ನನ್ನ ಹೆಸರಿಲೆ ಒಂದೂ ಇಲ್ರಿ ಅದರಾಗ.’ ಇಷ್ಟು ಹೇಳಿ ಎದ್ದಳು. ಹಂಚು ಅಲ್ಲಿಯೇ ಉಳಿಯಿತು.

ಬಸಂತರಾಯನಿಗೆ ಮೊದಲು ಬಂದದ್ದು ಉತ್ತರ. ಅವನಿಗೆ ಯಾವಾಗಲೂ ಉತ್ತರ ಬರುತ್ತಿತ್ತು. ಅಕ್ಕನೂ ಕೈ ಹಚ್ಚುತ್ತಾಳೆ, ಸುರೇಖಾ ದೊಡ್ಡವಳಾದಳು, ಒಂದು ಹೊತ್ತು ಅನ್ನ ಮಾಡಿದರಾಯಿತು, ಅವ್ವ ಎಂಟು ದಿನ ಹೊಲದಲ್ಲಿ ಮಾಡುತ್ತಿರಲಿಲ್ಲವೇ, ಒಂದು ದಿನ ತಕರಾರು ಮಾಡಿದಳೇ. ಅಲ್ಲಿಗೆ ಉತ್ತರ ನಿಂತಿತು. ಅವ್ವನನ್ನು ಸಾಕ್ಷಿಗೆ ಕರೆದದ್ದೇ ತಪ್ಪಾಯಿತೇನೋ, ಅವಳು ಬಂದು ನಿಂತೇಬಿಟ್ಟಳು. ಬೇವಿನ ಕೆಳಗಿನ ಒಲೆ ಒಂದು, ಆದರೆ ಊರೊಳಗಿನ ಮನೆಯಲ್ಲಿ ಅಜ್ಜಿ ಇದ್ದಳು, ಹಾಸಿಗೆ ಹಿಡಿದವಳು. ಎಮ್ಮೆ ಇತ್ತು. ನಸುಕಿನಲ್ಲಿ ಮನೆಯ ಒಲೆ ಹೊತ್ತಿಸಿ, ಅಜ್ಜಿಗೆ ಉಣ್ಣಿಸಿ, ಹಾಲು ಕರೆದು, ಕಟ್ಟಿಗೆ ಹೊತ್ತು ಹೊಲಕ್ಕೆ ಬಂದು ಇನ್ನೊಂದು ಒಲೆ. ಮಧ್ಯಾಹ್ನ ಮತ್ತೆ ಊರಿಗೆ. ಪಾಳಿ ಬಂದ ಎಂಟು ದಿನ ಅವ್ವನಿಗೆ ಎರಡು ಒಲೆ. ಎರಡೂವರೆ ಮೈಲು ಅಂತ ಅವನಿಗೆ ಗೊತ್ತು, ತಾನೇ ಮುಂದೆ ಸರಪಳಿ ಹಿಡಿದು ಅಳೆದ ದಾರಿ. ಕಾಲುವೆಯಲ್ಲಿ ಕಾಲು ಬಿಟ್ಟು ಕೂತು ತಾನು ಉಂಡದ್ದು ನೆನಪಿದೆ. ಅಪ್ಪ ಉಂಡದ್ದು, ಇಂಜಿನ್ನಿನವ ಉಂಡು ಡರ್ರನೆ ತೇಗಿದ್ದು ನೆನಪಿದೆ. ಅವ್ವ ಉಂಡದ್ದು ಯಾವಾಗ? ಆ ಹೊಲದ ಎಲ್ಲ ಬಾಂದುಕಲ್ಲು ಕಣ್ಣು ಮುಚ್ಚಿ ಎಣಿಸಬಲ್ಲ ಬಸಂತರಾಯ ಆ ಬೇವಿನ ಸುತ್ತ ಮತ್ತೆ ಮತ್ತೆ ತಿರುಗಿದ. ಒಲೆಯ ಮುಂದೆ ಬಾಗಿದ ಬೆನ್ನು ಸಿಕ್ಕಿತು, ಹೊಗೆಗೆ ಒರೆಸಿಕೊಂಡ ಕಣ್ಣು ಸಿಕ್ಕಿತು. ಕೈಯಲ್ಲಿ ರೊಟ್ಟಿ ಹಿಡಿದು ಕೂತ ಅವ್ವ ಎಲ್ಲಿಯೂ ಸಿಗಲಿಲ್ಲ. ಅವಳು ಹೋಗಿ ಆರು ವರ್ಷ. ಈಗ ಕೇಳುವುದು ಯಾರನ್ನು?

ನಾಚಿಕೆಯಾಯಿತು. ಮಂಟಪದಲ್ಲಿ ಆದದ್ದು ನಾಚಿಕೆಯಲ್ಲ, ಬರೀ ಕಿವಿ ಕಾದದ್ದು. ತಾನು ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಬಾವಿಗೆ ಪಾಳಿ ಹಂಚಿದ್ದೇನೆ, ಅಣ್ಣನಿಗೆ ಇಷ್ಟು ದಿನ, ತಮ್ಮನಿಗೆ ಇಷ್ಟು ದಿನ, ಗಳಿಗೆಯ ಲೆಕ್ಕ ಕೂಡ ತಪ್ಪಿಸಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದವನು, ಆ ಯಾವ ಕಾಗದದಲ್ಲಿ ಒಲೆಯ ಲೆಕ್ಕ ಬರೆದಿದ್ದೆ ಎಂದು ಕೇಳಿಕೊಂಡ. ಹಂಚನ್ನು ಎತ್ತಿ ಪಕ್ಕಕ್ಕೆ ಇಟ್ಟ. ಭಾರ ಇತ್ತು. ಕಾಗದದ ಮೇಲೆ ದುಂಡಗಿನ ಕಪ್ಪು ಗುರುತು ಬಿದ್ದು ಹದಿನಾಲ್ಕು ಚೌಕ ಮುಚ್ಚಿಹೋಗಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಮಂಟಪ ಮುಟ್ಟಿದ. ದಾರಿಯುದ್ದಕ್ಕೂ ಒಂದು ಹಗುರ ದಾರಿ ಕರೆಯುತ್ತಿತ್ತು: ರೊಕ್ಕ ಕೂಡಲಿಲ್ಲ ಅಂದರಾಯಿತು. ಸರ್ಕಾರಿ ನೌಕರ ರೊಕ್ಕ ಇಲ್ಲ ಅಂದರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಕಾಂತು ಟೈ ಸಡಿಲು ಮಾಡಿಕೊಂಡು ಕುರ್ಚಿ ಮಡಚುತ್ತಿದ್ದ. ಮಲ್ಲಣ್ಣ ಮತ್ತು ಸಹಿ ಹಾಕಿದ ಆ ಇಬ್ಬರು ಚಹಾ ಕುಡಿಯುತ್ತ ಕೂತಿದ್ದರು, ತಮಗೆ ದಾರಿ ತೋರಿಸಿದ ಸಾಹೇಬರನ್ನು ಕಂಡು ಜಾಗ ಬಿಟ್ಟರು. ‘ಬರ್ರಿ ಬರ್ರಿ! ನಿಮ್ಮಷ್ಟು ಚೊಲೊ ಹೇಳಾಕ ನಮ್ಮ ಮ್ಯಾನೇಜರಗೂ ಬರೂದಿಲ್ರಿ’ ಎಂದು ಕಾಂತು ಪೆನ್ನು ತೆಗೆದ. ಬಸಂತರಾಯ ಫಾರ್ಮು ಬಿಚ್ಚಿ ಮೇಜಿನ ಮೇಲೆ ಇಟ್ಟ. ಸಹಿಯ ಜಾಗ ಖಾಲಿ ಇತ್ತು. ಕೆಂಪು ಡಬ್ಬಿಯನ್ನೂ ಅದರ ಪಕ್ಕ ಇಟ್ಟ.

‘ಯಾಕ್ರಿ ಸಾಹೇಬ್ರ? ರೊಕ್ಕದ ತ್ರಾಸೇನ್ರಿ? ಕಂತು ಮಾಡಿಕೊಡ್ತೇನ್ರಿ.’

‘ರೊಕ್ಕ ಅಲ್ಲೋ.’ ಫಾರ್ಮನ್ನು ಅವನ ಕಡೆ ಸರಿಸಿದ. ‘ಆ ಕೋಣ್ಯಾಗ ಒಲಿ ಐತಿ. ಅದಕ್ಕ ಬ್ಯಾಡ.’

ಕಾಂತು ನಗಬೇಕೋ ಬೇಡವೋ ತಿಳಿಯದೆ ಮಲ್ಲಣ್ಣನ ಮುಖ ನೋಡಿದ. ಬೆಳಗಿನಂತೆ ನಗೆ ಬರುತ್ತದೆ ಎಂದು ಬಸಂತರಾಯ ಕಾದ. ಬಂತು, ಮಲ್ಲಣ್ಣನೇ ಮೊದಲು ನಕ್ಕ. ‘ಒಲಿ ಇದ್ರ ಚೊಲೊ ಅಲ್ರಿ ಸಾಹೇಬ್ರ? ಬೆಳಿಗ್ಗೆ ನೀವ ಹೇಳಿದ್ರಿ...’ ‘ಬೆಳಿಗ್ಗೆ ಹೇಳಿದ್ದು ಅರ್ಧಾ’ ಎಂದ ಬಸಂತರಾಯ. ‘ಬಾವಿ ಪಾಳಿ ಅಂದೆ. ಪಾಳಿ ದಿನ ಹೊಲದಾಗ ಒಲಿ ಹೂಡಾವ್ರು ಯಾರು ಅಂತ ಹೇಳೂದು ಬಿಟ್ಟೆ. ತಪ್ಪು ನಂದು. ಮನಿಗೆ ಹೋಗಿ ನಿಮ್ಮ ಮನಿಯಾಕೀನ ಒಂದು ಮಾತು ಕೇಳ್ರಿ ಮಲ್ಲಣ್ಣ, ಆಮ್ಯಾಲ ರೊಕ್ಕ ಕೊಡ್ರಿ. ಈ ಕಾಗದದಾಗ ಹತ್ತು ದಿನದೊಳಗ ವಾಪಸ ತಗೊಳ್ಳಾಕ ಬರ್ತದ ಅಂತ ಬರದಾರ, ನಾ ಓದೇನಿ.’ ದನಿ ಬೆಳಗಿನಷ್ಟೇ ಗಟ್ಟಿ ಇತ್ತು, ಅವನಿಗೇ ಆಶ್ಚರ್ಯವಾಗುವಷ್ಟು. ಹಿಂದೆ ಯಾರೋ ‘ಹೆಂಡ್ತಿ ಬೈದಾಳ’ ಎಂದದ್ದು ಕೇಳಿಸಿತು. ಕೇಳಿಸಿಕೊಂಡೇ ಮೆಟ್ಟಿಲು ಇಳಿದ. ಬೈದಿದ್ದರೆ ಸುಲಭ ಇತ್ತು.

ಮನೆಗೆ ಬಂದು ಮೊದಲು ಮುದ್ದೇಬಿಹಾಳಕ್ಕೆ ಫೋನು ಮಾಡಿದ. ‘ಅಕ್ಕಾ, ಮೇದಾಗಿಂದು ಆಗೂದಿಲ್ಲ. ನಾ ಮೊದಲ ಹೇಳಿದ್ದ ತಪ್ಪು’ ಎಂದ. ಆ ಕಡೆಯಿಂದ ಶಂಕ್ರೆವ್ವ ‘ಹುಡುಗರಿಗೆ ಹೇಳೇನಲ್ಲೋ ತಮ್ಮಾ’ ಎಂದು ಶುರುಮಾಡಿ, ನಿನ್ನ ಹೆಂಡತಿಗೆ ನಾವು ಹೆಚ್ಚಾದೆವೇನು ಎಂಬಲ್ಲಿಗೆ ಬಂದು ಮುಟ್ಟಿದಳು. ‘ವಿದ್ಯಾನ ಮಾತು ಅಲ್ಲ, ನಂದು. ಬೈಯೂದಿದ್ರ ನನಗ ಬೈ’ ಎಂದ. ಅವಳು ಬೈದಳು, ಚೆನ್ನಾಗಿಯೇ ಬೈದಳು, ಅವನು ಹೂಂ ಹೂಂ ಎಂದು ಎಲ್ಲವನ್ನೂ ಪಡೆದುಕೊಂಡ. ಫೋನಿಟ್ಟ ಮೇಲೆ ಕಪಾಟಿನ ಅಡಿಯಿಂದ ಹಳೆಯ ಡೈರಿಗಳ ಗಂಟು ಎಳೆದ. ತೊಂಬತ್ತಾರರದ್ದು ನಾಲ್ಕನೆಯದು. ಸ್ಟೋ ವಾಪಸು ಕೊಡುವಾಗ ಕಾರವಾರದ ಆ ಮ್ಯಾನೇಜರ ಬರೆದುಕೊಟ್ಟ ರಸೀದಿ ಇನ್ನೂ ಅದರೊಳಗೆ ಇತ್ತು, ಮೇಲ್ಗಡೆ ಲಾಡ್ಜಿನ ನಂಬರು. ನಂಬರಿಗೆ ಮುಂದೆ ಒಂದು ಅಂಕಿ ಹೆಚ್ಚಾಗಿದೆ ಎಂದು ಟೆಲಿಫೋನ್ ಇಲಾಖೆಯ ಹೆಂಗಸಿನ ದನಿ ಹೇಳಿತು. ಸೇರಿಸಿ ತಿರುಗಿಸಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

‘ಹಲೋ, ಕೋಣಿ ಬೇಕಾಗಿತ್ರಿ. ಮೇ ತಿಂಗಳದಾಗ, ಮೂರು ಮಂದಿಗೆ. ಸಮುದ್ರದ ಕಡೆ ಕಿಟಕಿ ಇದ್ದದ್ದು’ ಎಂದ. ದನಿ ಬೇಕಂತಲೇ ಏರಿಸಿದ್ದ. ‘ಮೊದಲ ಒಂದು ಮಾತು ಹೇಳ್ರಿ. ಕೋಣ್ಯಾಗ ಒಲಿ ಹಚ್ಚಾಕ ಬಿಡ್ತೀರೇನು?’

ರೊಟ್ಟಿಯ ಸಪ್ಪಳ ನಿಂತಿತು.

‘ಇಲ್ಲ ಇಲ್ಲ, ಅದೆಲ್ಲ ಮಾಡ್ಲಿಕ್ಕಿಲ್ಲ’ ಎಂದಿತು ಆ ಕಡೆಯ ದನಿ, ಅದೇ ಮ್ಯಾನೇಜರನದೋ ಮತ್ತೊಬ್ಬನದೋ. ‘ಬಾಗಿಲಿಗೆ ಬೋರ್ಡೇ ಹಾಕಿದ್ದೇವೆ. ಸ್ಟೋ ಗೀವು ತಂದ್ರೆ ಕೆಳಗೇ ಇಟ್ಕೊಳ್ತೇವೆ, ಆಮೇಲೆ ಗಲಾಟೆ ಮಾಡ್ಬೇಡಿ.’

‘ಹಂಚು?’

‘ಏನು?’

‘ರೊಟ್ಟಿ ಹಂಚು ತಂದ್ರ?’

‘ಯಾವ ಹಂಚೂ ಇಲ್ಲ ಮಾರಾಯ್ರೆ! ಕೆಳಗೆ ಊಟದ ಹೋಟೆಲುಂಟು, ಅಲ್ಲೇ ಉಣ್ಬೇಕು.’

‘ಹಂಗಾರ ಹಿಡೀರಿ ಕೋಣಿ’ ಎಂದ ಬಸಂತರಾಯ.

‘ಎಷ್ಟು ದಿನಕ್ಕೆ?’

ಮೂರು ಎಂದು ದಾರಿಯಲ್ಲೇ ನಿಶ್ಚಯಿಸಿದ್ದ. ಬಾಡಿಗೆ, ಬಸ್ಸು, ಮೂರು ಜನರ ಊಟ ಕೂಡಿಸಿ ನೋಡಿ, ಮೂರಕ್ಕೆ ಗೆರೆ ಎಳೆದಿದ್ದ. ಬಾಯಿ ತೆರೆಯುವುದರೊಳಗೆ ಅಡುಗೆಮನೆಯ ಬಾಗಿಲಲ್ಲಿ ವಿದ್ಯಾವತಿ ಬಂದು ನಿಂತಳು. ಹಣೆಯ ಮೇಲೆ ಬೆವರು, ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದ ವಾಸನೆ. ಅವಳು ಅದರ ಕಡೆ ತಿರುಗಿ ನೋಡಲಿಲ್ಲ. ಜೋಳದ ಹಿಟ್ಟು ಮೆತ್ತಿದ ಬಲಗೈ ಎತ್ತಿ, ಐದೂ ಬೆರಳು ಅಗಲಿಸಿ ಹಿಡಿದಳು.

‘ಐದು ದಿನ’ ಎಂದ ಬಸಂತರಾಯ.